ಹಸಿರು ಬಂದಿತ್ತು

ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ‘ಆಯುಧಪೂಜೆಯ ಶುಕ್ರವಾರ ಬೆಳಗ್ಗೆ ಕೊನೆಯ ಬ್ಯಾಚಿನ ದಾಖಲೆ ಕಳೆದುಹೋದದ್ದು ನನ್ನ ಅಜಾಗರೂಕತೆಯಿಂದ. ತಪ್ಪು ಪೂರ್ತಿ ನನ್ನದು. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.’ ಕೆಳಗೆ ‘ಬೈರಯ್ಯ, ಫರ್ನೇಸ್ ಆಪರೇಟರ್’ ಅಂತ ಟೈಪ್ ಮಾಡಿ, ಸಹಿಗೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದರು. ಆ ಜಾಗ ಮೂರು ವಾರದಿಂದ ಖಾಲಿಯಾಗಿಯೇ ಇತ್ತು.

ಸಹಿ ಹಾಕಿದರೆ ಒಂದು ವಾರ್ನಿಂಗ್, ಫರ್ನೇಸ್ ಬಿಟ್ಟು ಪ್ಯಾಕಿಂಗ್ ಕೆಲಸಕ್ಕೆ ಬದಲಿ. ಹಾಕದಿದ್ದರೆ ಎನ್‌ಕ್ವಯರಿ, ಅದಾದ ಮೇಲೆ ಮನೆ. ಮೂವತ್ತೊಂದು ವರ್ಷ ಒಂದೇ ಫರ್ನೇಸಿನ ಮುಂದೆ ನಿಂತ ಬೈರಯ್ಯ ಎರಡನ್ನೂ ಕೇಳಿಸಿಕೊಂಡರಂತೆ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರಂತೆ. “ಹಸಿರು ಬಂದಿತ್ತು. ಕಣ್ಣಾರೆ ನೋಡಿದೀನಿ. ಸೈನ್ ಹಾಕಲ್ಲ” ಅಂದು ಎದ್ದು ನಡೆದುಬಿಟ್ಟರಂತೆ.

ಆ ಹಸಿರನ್ನು ಮಾಡಿದವಳು ರಂಜಿನಿ.

ಕಾಮಾಕ್ಷಿಪಾಳ್ಯದ ಆ ವರ್ಕ್‌ಶಾಪಿನಲ್ಲಿ ಗಾಡಿಗಳ ಗೇರು, ಪಿನ್ನುಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ. ಯಾವ ಮಾಲು ಎಷ್ಟು ಶಾಖದಲ್ಲಿ ಎಷ್ಟು ಹೊತ್ತು ಬೆಂದಿತು ಅನ್ನುವುದಕ್ಕೆ ದಾಖಲೆ ಇರಬೇಕು, ಇಲ್ಲದಿದ್ದರೆ ಕೊಳ್ಳುವವರು ಮುಟ್ಟುವುದಿಲ್ಲ. ಮೊದಲೆಲ್ಲ ಬೈರಯ್ಯ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ರಂಜಿನಿಯ ಪ್ರೋಗ್ರಾಂ ಬಂತು, ನೋಟ್‌ಬುಕ್ ಹೋಯಿತು. ಈಗ ಬ್ಯಾಚ್ ಮುಗಿದಾಗ ಫರ್ನೇಸಿನ ಪಕ್ಕದ ಪರದೆಯಲ್ಲಿ ‘ಮುಗಿಯಿತು’ ಅನ್ನುವುದನ್ನು ಒತ್ತಬೇಕು. ಗಾಜಿನ ಕ್ಯಾಬಿನ್ನಿನಲ್ಲಿರುವ ಕಂಪ್ಯೂಟರು ದಾಖಲೆಯನ್ನು ಉಳಿಸಿಕೊಳ್ಳುತ್ತದೆ, ಪರದೆಯಲ್ಲಿ ಹಸಿರು ದೀಪ ಹತ್ತುತ್ತದೆ. ಆಯುಧಪೂಜೆಯ ದಿನದ ಕೊನೆಯ ಬ್ಯಾಚು, ಬ್ರೇಕಿಗೆ ಹಾಕುವ ಪಿನ್ನುಗಳು, ಅದರ ದಾಖಲೆ ಮಾತ್ರ ಎಲ್ಲೂ ಇರಲಿಲ್ಲ. ಅಷ್ಟೂ ಪಿನ್ನು ಗುಜರಿಗೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸದಲ್ಲವಲ್ಲ. ಬೈರಯ್ಯ ಬಟನ್ ಒತ್ತುವುದನ್ನು ಮರೆತಿದ್ದಾರೆ ಅಂತ ಒಂದೇ ದಿನದಲ್ಲಿ ತೀರ್ಮಾನವಾಯಿತು.

ರಂಜಿನಿಯ ಕಂಪನಿ ಅಂದರೆ ಚಂದ್ರಾ ಲೇಔಟಿನ ಒಂದು ದರ್ಶಿನಿಯ ಮೇಲಿನ ಎರಡು ರೂಮು, ಏಳು ಜನ. ಯಜಮಾನರು ವೆಂಕಟಗಿರಿ. ಡಿಪ್ಲೊಮಾ ಮಾತ್ರ ಓದಿದ ಹೆಗ್ಗನಹಳ್ಳಿಯ ಹುಡುಗಿಗೆ ಯಾರೂ ಕೆಲಸ ಕೊಡದಿದ್ದಾಗ ಕೊಟ್ಟವರು. ಅದನ್ನು ಅವರೂ ಮರೆತಿರಲಿಲ್ಲ, ಅವಳಿಗೆ ಮರೆಯಲೂ ಬಿಟ್ಟಿರಲಿಲ್ಲ.

“ಹೋಗಿ ಒಂದ್ಸಲ ನೋಡ್ದಂಗೆ ಮಾಡು,” ಅಂದಿದ್ದರು. “ಯೂಸರ್ ಎರರ್ ಅಂತ ಒಂದು ಲೈನ್ ಬರೆದುಕೊಟ್ಟು ಬಾ. ಶನಿವಾರ ಎನ್‌ಕ್ವಯರಿ ಇದೆ, ಅವರಿಗೂ ಒಂದು ಪೇಪರ್ ಬೇಕು ಅಷ್ಟೇ.”

ಅವಳೂ ಮೊದಲು ಹಾಗೇ ಅಂದುಕೊಂಡಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಎರಡು ವರ್ಷ ಹಗಲು ರಾತ್ರಿ ಓಡಿದ ಪ್ರೋಗ್ರಾಂ, ಒಂದು ದಾಖಲೆಯನ್ನೂ ಕಳೆದಿಲ್ಲ. ಐವತ್ತೇಳು ವರ್ಷದ ಮನುಷ್ಯ, ಹಬ್ಬದ ಗಡಿಬಿಡಿ, ಮರೆತಿರಬಹುದು. ಆದರೂ ಮನಸ್ಸು ತಡೆಯದೆ ಸೋಮವಾರ, ಮಂಗಳವಾರ ಎರಡು ದಿನ ಆಫೀಸಿನಲ್ಲಿ ಕೂತು ಪರೀಕ್ಷೆ ಮಾಡಿದಳು. ‘ಮುಗಿಯಿತು’ ಒತ್ತುವುದು, ಹಸಿರು ನೋಡುವುದು, ಕಂಪ್ಯೂಟರ್ ಆರಿಸುವುದು, ಮತ್ತೆ ಹಚ್ಚಿ ದಾಖಲೆ ಇದೆಯಾ ನೋಡುವುದು. ಇನ್ನೂರು ಸಲ. ಇನ್ನೂರು ಸಲವೂ ದಾಖಲೆ ಇತ್ತು. ಪಕ್ಕದವರು ನಕ್ಕರು. ಅವಳಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಸುಳ್ಳು ಹೇಳಿ ಬಚಾವಾಗುವ ದಾರಿ ಎದುರಿಗೇ ಇದ್ದಾಗ ಮನುಷ್ಯ ಯಾಕೆ ಒಂದು ಹಸಿರು ದೀಪ ಹಿಡಿದುಕೊಂಡು ಕೆಲಸ ಕಳೆದುಕೊಳ್ಳುತ್ತಾನೆ ಅನ್ನುವುದು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಬುಧವಾರ ವರ್ಕ್‌ಶಾಪಿಗೆ ಹೋದಳು. ಕ್ಯಾಬಿನ್ನಿನಲ್ಲಿ ಏನೂ ಸಿಗಲಿಲ್ಲ. ಆಚೆ ಬಂದಾಗ ಗೇಟಿನ ಎದುರು, ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ, ಖಾಕಿ ಅಂಗಿ ತೊಟ್ಟು, ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಬೈರಯ್ಯ ಕೂತಿದ್ದರು. ಸಸ್ಪೆಂಡ್ ಆದವರು ಗೇಟು ದಾಟಬಾರದು ಅಂತ ಆರ್ಡರಿತ್ತು. ಗೇಟಿನ ಎದುರು ಕೂರಬಾರದು ಅಂತ ಇರಲಿಲ್ಲ. ಹಾಗಾಗಿ ಮೂರು ವಾರದಿಂದ ಬೆಳಗ್ಗೆ ಆರಕ್ಕೆ ಬಂದು ಶಿಫ್ಟು ಮುಗಿಯುವ ಎರಡು ಗಂಟೆವರೆಗೆ ಕೂತು ಹೋಗುತ್ತಿದ್ದರು. ಒಳಗೆ ಹೋಗುವವರೆಲ್ಲ ಅವರನ್ನು ದಾಟಿಯೇ ಹೋಗಬೇಕಿತ್ತು.

“ಕಂಪ್ಯೂಟರ್ ಅಮ್ಮಣ್ಣಿ ನೀನೇ ಅಲ್ವಾ? ನಾನು ಮರೆತೆ ಅಂತ ಬರೆಯಕ್ಕೆ ಬಂದಿದೀಯಾ?” ಅಂದರು.

“ಇಲ್ಲ ಸಾರ್. ಅವತ್ತು ಏನಾಯ್ತು ಅಂತ ಕೇಳೋಕೆ.”

“ಮೂರು ವಾರ ಆಯ್ತು. ಇದನ್ನ ಕೇಳಿದೋಳು ನೀನೇ ಮೊದಲು ಕಣವ್ವ.” ಅವಳಿಗೊಂದು ಟೀ ಹೇಳಿ, ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟರು.

ಆಮೇಲೆ ಹೇಳಿದರು. ಫರ್ನೇಸು ವರ್ಷವಿಡೀ ಉರಿಯುತ್ತದೆ, ಕ್ಯಾಬಿನ್ನಿನ ಕಂಪ್ಯೂಟರೂ ವರ್ಷವಿಡೀ ಓಡುತ್ತದೆ. ಎರಡೂ ಮಲಗುವುದು ಆಯುಧಪೂಜೆಯ ದಿನ ಮಾತ್ರ. ಓಡುತ್ತಿರುವ ಯಂತ್ರಕ್ಕೆ ಕುಂಕುಮ ಇಡಬಾರದು ಅನ್ನುವುದು ಪುಟ್ಟಲಕ್ಷ್ಮಮ್ಮನವರ ಕಟ್ಟುನಿಟ್ಟು. ಅವರು ಹಳೇ ಯಜಮಾನರ ಹೆಂಡತಿ, ಈಗಿನ ಯಜಮಾನ ಸಮರ್ಥನ ತಾಯಿ. ಆ ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಆರತಿ ಆಗಬೇಕು. ಪಿನ್ನಿನ ಬ್ಯಾಚು ಎಳೆದು ಎಳೆದು ಹತ್ತೂಕಾಲು ದಾಟಿಸಿತ್ತು. ಕ್ಯಾಬಿನ್ನಿನಲ್ಲಿ ಪುಟ್ಟಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ಬೈಯುತ್ತಿದ್ದಾರೆ, ಸಮರ್ಥ ಕಂಪ್ಯೂಟರ್ ಆರಿಸಲು ಮೌಸ್ ಮೇಲೆ ಬೆರಳಿಟ್ಟು ಕೂತಿದ್ದಾನೆ, ಇಲ್ಲಿ ಬೈರಯ್ಯ ಪರದೆಯ ಮುಂದೆ.

“ಕೊನೇ ಟ್ರೇ ಎಣ್ಣೆಯಿಂದ ಮೇಲೆ ಬಂತು. ಬಟನ್ ಒತ್ತಿದೆ. ಒತ್ತುತ್ತಲೇ ‘ಆಯ್ತೂ!’ ಅಂತ ಕೂಗಿದೆ. ಹಸಿರು ಬಂತು. ಅಲ್ಲಿ ಅವರು ಆರಿಸಿದ್ರು. ಜಾಗಟೆ ಬಾರಿಸಿದ್ರು.”

“ಹಸಿರು ಬಂದ ಮೇಲೆ ಕೂಗಿದ್ರಾ, ಮುಂಚೆನಾ?”

“ಒತ್ತೋದು, ಕೂಗೋದು ಒಟ್ಟಿಗೇ. ಅಮ್ಮಾವ್ರು ಆ ಪಾಟಿ ಬೈತಿದ್ರೆ ದೀಪ ನೋಡ್ಕೊಂಡು ಕೂಗಕ್ಕಾಗ್ತದಾ? ಕೂಗಿದ ಮೇಲೆ ನೋಡಿದೆ. ಹಸಿರು ಇತ್ತು.”

ರಂಜಿನಿ ಟೀ ಲೋಟ ಕೆಳಗಿಟ್ಟಳು. ಆಫೀಸಿನಲ್ಲಿ ಇನ್ನೂರು ಸಲವೂ ಅವಳು ಒಳ್ಳೆಯ ಹುಡುಗಿಯ ಹಾಗೆ ಹಸಿರು ಬರುವವರೆಗೆ ಕಾದು ಆಮೇಲೆ ಆರಿಸಿದ್ದಳು. ಇಲ್ಲಿ ಒತ್ತುವ ಕೈ ಒಂದು, ಆರಿಸುವ ಕೈ ಇನ್ನೊಂದು, ಎರಡಕ್ಕೂ ಒಂದೇ ಕೂಗು.

“ಸಾರ್, ಫರ್ನೇಸ್ ಆರಿಸೋದು ಹೇಗೆ?” ಅಂತ ಕೇಳಿದಳು. ಯಾಕೆ ಕೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

ಬೈರಯ್ಯನ ಮುಖ ಮೂರು ವಾರದಲ್ಲಿ ಮೊದಲ ಬಾರಿಗೆ ಅರಳಿರಬೇಕು. “ಆರಿಸೋದು ಅಂದ್ರೆ ಸ್ವಿಚ್ ತೆಗೆಯೋದಲ್ಲ ಕಣವ್ವ. ಮೊದಲು ಬಾಗಿಲು. ಇನ್ನು ಒಂದು ಪಿನ್ನೂ ಒಳಗೆ ಹೋಗಂಗಿಲ್ಲ. ಆಮೇಲೆ ಒಳಗಿರೋದೆಲ್ಲ ಆಚೆಗೆ ಬರ್ಬೇಕು, ಟ್ರೇ ಎಣಿಸ್ಬೇಕು. ಅದಾದ್ಮೇಲೆ ಬೆಂಕಿ. ಫ್ಯಾನು ಮಾತ್ರ ಕಟ್ಟಕಡೆಗೆ, ಒಳಗಿನ ಬಿಸಿ ಇಳಿಯೋಗಂಟ ತಿರುಗ್ತಾ ಇರ್ಬೇಕು. ಇಲ್ದಿದ್ರೆ ಅದರ ಷಾಫ್ಟ್ ಸೊಟ್ಟ ಆಗೋಯ್ತದೆ.”

“ಎಲ್ಲಾನೂ ಒಂದೇ ಸಲ ಆರಿಸಿದ್ರೆ?”

“ಎಲ್ಲಾನೂ ಒಂದೇ ಸಲ ಯಾವ ದಡ್ಡ ಆರಿಸ್ತಾನವ್ವಾ?”

ಆ ದಡ್ಡಿಯ ಹೆಸರು ರಂಜಿನಿ. ಅವಳ ಪ್ರೋಗ್ರಾಮಿನಲ್ಲಿ ಒಟ್ಟಿಗೇ ಕೆಲಸ ಮಾಡುವ ಇಬ್ಬರಿದ್ದರು ಅಂತ ಇಟ್ಟುಕೊಳ್ಳಿ. ಒಬ್ಬ ತೆಗೆದುಕೊಳ್ಳುವವನು: ಫರ್ನೇಸಿನಿಂದ ಬಂದ ದಾಖಲೆಯನ್ನು ಬುಟ್ಟಿಗೆ ಹಾಕಿ ಹಸಿರು ಹಚ್ಚುತ್ತಾನೆ. ಇನ್ನೊಬ್ಬ ಬರೆಯುವವನು: ಬುಟ್ಟಿಯಿಂದ ಎತ್ತಿ ಡಿಸ್ಕಿಗೆ ಬರೆಯುತ್ತಾನೆ. ಕಂಪ್ಯೂಟರ್ ಆರಿಸಿದಾಗ ಇಬ್ಬರಿಗೂ ಒಂದೇ ಸಲ ‘ಹೊರಡಿ’ ಅಂತ ಹೇಳುವಂತೆ ಅವಳು ಬರೆದಿದ್ದಳು. ಬರೆಯುವವನು ಬುಟ್ಟಿ ಇಣುಕುತ್ತಾನೆ, ಖಾಲಿ, ಹೊರಟುಹೋಗುತ್ತಾನೆ. ಅವನು ಬೆನ್ನು ತಿರುಗಿಸಿದ ಮರುಕ್ಷಣ ತೆಗೆದುಕೊಳ್ಳುವವನು ಕೈಯಲ್ಲಿದ್ದ ಕೊನೆಯ ದಾಖಲೆಯನ್ನು ಬುಟ್ಟಿಗೆ ಹಾಕಿ, ಹಸಿರು ಹಚ್ಚಿ, ತಾನೂ ಹೊರಡುತ್ತಾನೆ. ಯಾರು ಮೊದಲು ಹೊರಡುತ್ತಾರೆ ಅನ್ನುವುದು ಆ ಕ್ಷಣದ ಓಟಕ್ಕೆ ಬಿಟ್ಟದ್ದು. ಹೋದ ವರ್ಷದ ಪೂಜೆಯಲ್ಲಿ ಅದೃಷ್ಟ ಇತ್ತು, ಈ ವರ್ಷ ಇರಲಿಲ್ಲ. ಬೈರಯ್ಯ ನೋಡಿದ ಹಸಿರು ನಿಜ. ಆ ಹಸಿರು ಹೇಳಿದ್ದು ಸುಳ್ಳು.

ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು, ತನ್ನ ಮೇಲೆ, ಇನ್ನೂರು ಸಲ ನಗುತ್ತಾ ನೋಡಿದವರ ಮೇಲೆ, ಮೂರು ವಾರ ಈ ಮನುಷ್ಯನನ್ನು ದಾಟಿ ಒಳಗೆ ಹೋದವರೆಲ್ಲರ ಮೇಲೆ.

“ಶನಿವಾರ ಎನ್‌ಕ್ವಯರಿಗೆ ಬರ್ತೀನಿ ಸಾರ್. ನೀವು ಸೈನ್ ಹಾಕ್ಬೇಡಿ,” ಅಂದಳು.

“ನಾನೆಲ್ಲಿ ಹಾಕ್ತೀನಿ ಅಂದೆ?” ಅಂದರು ಬೈರಯ್ಯ.

ಆ ಸಂಜೆ ಮನೆಯಲ್ಲಿ ಅಮ್ಮ ಗಂಗಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ರಂಜಿನಿ ಎದುರಿಗೆ ಕೂತು ಸುಲಿಯುತ್ತಲೇ ಎಲ್ಲ ಹೇಳಿದಳು. ಕಂಪ್ಯೂಟರಿನ ಭಾಗ ಅಮ್ಮನಿಗೆ ಎಷ್ಟು ಅರ್ಥವಾಯಿತೋ, ಕಾಗದದ ಭಾಗ ಪೂರ್ತಿ ಅರ್ಥವಾಯಿತು. ಹದಿನಾಲ್ಕು ವರ್ಷದ ಹಿಂದೆ ಗಾರ್ಮೆಂಟ್ಸಿನಲ್ಲಿ ಒಂದು ಬಂಡಲು ಅಂಗಿ ಕಾಣೆಯಾದಾಗ ಅವರ ಮುಂದೆಯೂ ಇಂಥದ್ದೇ ಒಂದು ಕಾಗದ ಇಟ್ಟಿದ್ದರು. ಅವರು ಸಹಿ ಹಾಕಿದ್ದರು. ಬಂಡಲು ಆಮೇಲೆ ಬೇರೆ ಲೈನಿನಲ್ಲಿ ಸಿಕ್ಕಿತ್ತು, ಕಾಗದವನ್ನು ಮಾತ್ರ ಯಾರೂ ವಾಪಸ್ ಕೊಡಲಿಲ್ಲ.

“ಆವತ್ತಿಂದ ಸೂಪರ್‌ವೈಸರು ದಿನಾ ಹೊರಡುವಾಗ ನನ್ನ ಚೀಲ ಒಂದೇ ತೆಗೆಸಿ ನೋಡೋನು,” ಅಂದರು ಗಂಗಲಕ್ಷ್ಮಮ್ಮ. “ಆರು ವರ್ಷ. ನಾನು ಸೈನ್ ಹಾಕ್ಬಾರ್ದಿತ್ತು ಕಣೇ.” ಅವರು ಇದನ್ನು ಮಗಳಿಗೆ ಯಾವತ್ತೂ ಹೇಳಿರಲಿಲ್ಲ. ಹೇಳಿ ಮುಗಿಸಿ ಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ರಂಜಿನಿ ಬರೀ ಸಿಪ್ಪೆಗಳ ಮುಂದೆ ಕೂತೇ ಇದ್ದಳು.

ಮರುದಿನ ವೆಂಕಟಗಿರಿ ಅವಳ ಮಾತನ್ನು ಪೂರ್ತಿ ಕೇಳಿದರು. ಬುದ್ಧಿವಂತರು, ಅರ್ಧದಲ್ಲೇ ತಪ್ಪೆಲ್ಲಿದೆ ಅಂತ ಹಿಡಿದುಬಿಟ್ಟರು.

“ಸರಿ ಮಾಡಕ್ಕೆ ಎಷ್ಟು ದಿನ?”

“ಎರಡು ದಿನ ಸಾರ್. ಮೊದಲು ತಗೊಳ್ಳೋದನ್ನ ನಿಲ್ಲಿಸ್ಬೇಕು. ‘ಇನ್ನೇನೂ ಬರಲ್ಲ’ ಅಂತ ಅದು ಹೇಳಿದ ಮೇಲೆ, ಬುಟ್ಟಿ ಖಾಲಿ ಆಗೋವರೆಗೂ ಬರೀಬೇಕು. ಬರೆಯೋದು ಕೊನೆಗೆ ನಿಲ್ಬೇಕು. ಹಸಿರೂ ಬರೆದಾದ ಮೇಲೇ ಬರ್ಬೇಕು.”

“ಮಾಡು. ಎಲ್ಲಾ ಕಸ್ಟಮರ್ಸಿಗೂ ಅಪ್‌ಡೇಟ್ ಅಂತ ಕಳಿಸು. ಯಾಕೆ ಏನು ಅಂತ ಬರೀಬೇಡ. ಮುಂದಿನ ವರ್ಷದ ಪೂಜೆಗೆ ತೊಂದರೆ ಇಲ್ಲ ತಾನೇ?”

“ಈ ವರ್ಷದ್ದು ಸಾರ್?”

ವೆಂಕಟಗಿರಿ ಕುರ್ಚಿಗೆ ಒರಗಿದರು. “ನೋಡು ರಂಜಿನಿ. ನಲವತ್ತು ವರ್ಕ್‌ಶಾಪಿನಲ್ಲಿ ನಮ್ಮ ಪ್ರೋಗ್ರಾಂ ಇದೆ. ಒಂದು ಕಡೆ ತಪ್ಪು ನಮ್ದು ಅಂತ ಬರೆದುಕೊಟ್ರೆ, ನಲವತ್ತು ಕಡೆಯಿಂದಲೂ ಫೋನ್ ಬರುತ್ತೆ. ಬೈರಯ್ಯನವರಿಗೆ ಪ್ಯಾಕಿಂಗ್‌ನಲ್ಲಿ ಕೆಲಸ ಕೊಡ್ತೀನಿ ಅಂದಿದಾರೆ. ಸಂಬಳ ಅಷ್ಟೇ. ಅವರಿಗೇನು ಕಷ್ಟ?”

“ಹಸಿರು ಅವರು ನೋಡಿದಾರೆ ಸಾರ್. ನಾನೇ ತೋರ್ಸಿದ್ದು.”

“ನೀನು ಇನ್ನೂರು ಸಲ ಟ್ರೈ ಮಾಡಿದೀಯ. ಒಂದ್ಸಲನಾದ್ರೂ ಬಂತಾ? ಇಲ್ಲ. ಪ್ರೂಫ್ ಇಲ್ದೆ ನನ್ನ ಕಂಪನಿ ಮರ್ಯಾದೆ ತೆಗೀಬೇಡ.”

ಪ್ರೂಫ್ ಅನ್ನುವ ಮಾತು ಒಂದನ್ನು ಮಾತ್ರ ಅವಳು ಕಿವಿಗೆ ಹಾಕಿಕೊಂಡು ಹೊರಗೆ ಬಂದಳು.

ಶನಿವಾರ ಹನ್ನೊಂದಕ್ಕೆ ಗಾಜಿನ ಕ್ಯಾಬಿನ್ನಿನಲ್ಲಿ ಎನ್‌ಕ್ವಯರಿ. ಸಮರ್ಥ ನಡುವಿನ ಕುರ್ಚಿಯಲ್ಲಿ, ಮುಂದೆ ಆ ಕಾಗದ. ಬಾಗಿಲ ಬಳಿ ಪುಟ್ಟಲಕ್ಷ್ಮಮ್ಮ; ಇಂಥ ದಿನ ಅವರನ್ನು ಬರಬೇಡಿ ಅನ್ನುವ ಧೈರ್ಯ ಆ ವರ್ಕ್‌ಶಾಪಿನಲ್ಲಿ ಯಾರಿಗೂ ಇರಲಿಲ್ಲ. ವೆಂಕಟಗಿರಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು. ಬೈರಯ್ಯ ನಿಂತೇ ಇದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಗಾಜಿನಾಚೆ ಶಿಫ್ಟಿನವರೆಲ್ಲ ಕೈ ಒರೆಸಿಕೊಳ್ಳುವ ನೆಪದಲ್ಲಿ ಸೇರಿದ್ದರು. ಕ್ಯಾಬಿನ್ನಿನ ಹೊರಗೋಡೆಯ ನೋಟಿಸ್ ಬೋರ್ಡಿನಲ್ಲಿ ಬೈರಯ್ಯನ ಸಸ್ಪೆನ್ಷನ್ ಆರ್ಡರು ಇನ್ನೂ ಹಾಗೇ ಇತ್ತು.

“ಸಾಫ್ಟ್‌ವೇರಿನವರು ಏನ್ ಹೇಳ್ತೀರಿ?” ಅಂದ ಸಮರ್ಥ.

ವೆಂಕಟಗಿರಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರಂಜಿನಿ ಎದ್ದಳು. “ಹೇಳೋದಿಲ್ಲ ಸಾರ್, ತೋರಿಸ್ತೀನಿ. ಇಲ್ಲಿನ ಪ್ರೋಗ್ರಾಂ ಇನ್ನೂ ತಿದ್ದಿಲ್ಲ. ಆ ದಿನ ಹೇಗೆ ಮಾಡಿದ್ರೋ ಹಾಗೇ ಇನ್ನೊಂದ್ಸಲ ಮಾಡೋಣ. ಬೈರಯ್ಯನವರು ಪರದೆ ಹತ್ರ. ನೀವು ಇಲ್ಲಿ. ಫರ್ನೇಸ್ ಮುಟ್ಟೋದು ಬೇಡ, ಪರೀಕ್ಷೆಗೆ ಅಂತ ಖಾಲಿ ಬ್ಯಾಚ್ ಹಾಕಿದೀನಿ. ಅವರು ಒತ್ತಿ ಕೂಗ್ಲಿ, ನೀವು ಆರಿಸಿ.”

ವೆಂಕಟಗಿರಿಯ ಮುಖ ಕೆಂಪೇರಿತು. ಸಮರ್ಥ ಹಣೆ ಗಂಟಿಕ್ಕಿದ. “ಹತ್ತು ಸಲ. ಅದಕ್ಕಿಂತ ಜಾಸ್ತಿ ಟೈಮಿಲ್ಲ ನನಗೆ. ಹತ್ತರಲ್ಲಿ ದಾಖಲೆ ಹೋಗ್ಲಿಲ್ಲ ಅಂದ್ರೆ ಬೈರಯ್ಯನವರೇ, ಸೋಮವಾರ ಡಿಸ್ಮಿಸ್ ಲೆಟರ್.”

“ಆಗ್ಲಿ,” ಅಂದರು ಬೈರಯ್ಯ. ಮೂರು ವಾರದ ಮೇಲೆ ಮೊದಲ ಸಲ ಫರ್ನೇಸಿನ ಹತ್ತಿರ ನಡೆದುಹೋದರು. ದಾರಿಯಲ್ಲಿ ಯಾರೋ ಎಲ್ಲೆಂದರಲ್ಲಿ ಇಟ್ಟಿದ್ದ ಇಕ್ಕಳವನ್ನು ಎತ್ತಿ ಅದರ ಗೂಟಕ್ಕೆ ನೇತುಹಾಕಿದರು.

“ಆಯ್ತೂ!”

ಸಮರ್ಥ ಆರಿಸಿದ. ಮತ್ತೆ ಹಚ್ಚಿದರು. ಕಂಪ್ಯೂಟರು ಹಳೆಯದು, ಎದ್ದು ಕಣ್ಣು ಬಿಡಲು ಮೂರು ನಿಮಿಷ. ದಾಖಲೆ ಇತ್ತು. ಎರಡನೆಯ ಸಲ, ಇತ್ತು. ನಾಲ್ಕು, ಐದು, ಇತ್ತು. ಗಾಜಿನಾಚೆ ಯಾರೋ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಏಳನೆಯ ಸಲವೂ ಇತ್ತು. ತಪ್ಪು ತನ್ನದು ಅಂತ ಸಾಬೀತಾಗಲಿ ದೇವರೇ ಅಂತ ಬೇಡಿಕೊಂಡವರು ಲೋಕದಲ್ಲಿ ಎಷ್ಟು ಜನ ಇರಬಹುದು? ಅವಳು ಬೇಡಿಕೊಳ್ಳುತ್ತಿದ್ದಳು. ಒಂಬತ್ತು, ಇತ್ತು. ಹತ್ತನೆಯದಕ್ಕೆ ಬೈರಯ್ಯನ ಕೂಗು ಸ್ವಲ್ಪ ಒಡೆಯಿತು. ದಾಖಲೆ ಇತ್ತು.

“ಸಾಕಲ್ವಾ?” ಅಂದರು ವೆಂಕಟಗಿರಿ, ಸಮಾಧಾನದ ದನಿಯಲ್ಲಿ.

“ಸಾಕು,” ಅಂದು ಸಮರ್ಥ ಮೌಸ್ ಮೇಲಿಂದ ಕೈ ತೆಗೆದ.

“ಏನು ಸಾಕು?” ಬಾಗಿಲ ಬಳಿಯಿಂದ ದನಿ ಬಂತು. ಪುಟ್ಟಲಕ್ಷ್ಮಮ್ಮ ಎದ್ದು ನಿಂತು ಮಗನನ್ನೇ ನೋಡುತ್ತಿದ್ದರು. “ಇವತ್ತೇನೋ ಶಾಲೇಲಿ ಬರೆಯೋ ಮಗು ಥರ ನಿಧಾನಕ್ಕೆ ಒತ್ತುತಾ ಇದೀಯ. ಅವ್ನು ಕೂಗಿ, ನೀನೊಂದು ಉಸಿರು ತಗೊಂಡು, ಆಮೇಲೆ ಒತ್ತೋದು. ಹತ್ತು ಸಲನೂ ನೋಡಿದೀನಿ ನಾನು. ಅವತ್ತು ಹಿಂಗಾ ಮಾಡ್ದೆ?”

“ಅಮ್ಮ, ನಿಮಗಿದೆಲ್ಲ—”

“ಅವತ್ತು ನಾನು ತಲೆ ಮೇಲೆ ನಿಂತು ಬೈತಿದ್ದೆ. ಅವ್ನ ಬಾಯಿಂದ ‘ಆ’ ಅನ್ನೋ ಶಬ್ದ ಬರೋ ಹೊತ್ತಿಗೆ ನೀನು ಒತ್ತಿಯಾಗಿತ್ತು. ಮೂವತ್ತು ವರ್ಷದಿಂದ ಅವನ ಕೈಯಲ್ಲಿ ಆರತಿಗೆ ಬೆಂಕಿ ಇಸ್ಕೊಂಡಿದೀನಿ. ಅವ್ನು ಸುಳ್ಳು ಹೇಳ್ತಾನೆ ಅಂತಾದ್ರೆ, ಮಾಡ್ದಂಗೆ ಮಾಡಿ ತೋರ್ಸು. ಬೈರಾ! ಹೋಗಿ ನಿಂತ್ಕೋ!”

ಆಕೆ ಮಗನ ಹಿಂದೆ ಬಂದು ನಿಂತರು. ಕೈಯಲ್ಲಿ ಆರತಿ ತಟ್ಟೆ ಇರಲಿಲ್ಲ ಅಷ್ಟೇ, ಉಳಿದದ್ದೆಲ್ಲ ಆಯುಧಪೂಜೆಯೇ. “ಎಷ್ಟೊತ್ತೋ! ರಾಹುಕಾಲ ಬಂತು! ಹತ್ತೂವರೆ ಆಗೋಯ್ತು! ಇನ್ನೂ ಕುಂಕುಮ ಕಲಸಿಲ್ಲ, ಕುಂಬಳಕಾಯಿ ತಂದಿಲ್ಲ, ನಿಮ್ಮಪ್ಪ ಇದ್ದಿದ್ರೆ—”

“ಆಯ್ತೂ!”

ಸಮರ್ಥನ ಬೆರಳು ತಾನಾಗಿಯೇ ಬಿತ್ತು. ಅಲ್ಲಿ ಪರದೆಯಲ್ಲಿ ಹಸಿರು ಹತ್ತಿತು. ಗಾಜಿನಾಚೆಯವರೆಲ್ಲ ನೋಡಿದರು, ಬೈರಯ್ಯ ಬೆರಳು ತೋರಿಸಿಕೊಂಡು ನಿಂತಿದ್ದರು.

ಮತ್ತೆ ಹಚ್ಚಿದರು. ಮೂರು ನಿಮಿಷ. ಕಂಪ್ಯೂಟರು ಎದ್ದಿತು. ರಂಜಿನಿ ಪಟ್ಟಿ ತೆರೆದಳು. ಒಂದು, ಎರಡು, ಮೂರು, ಹತ್ತರವರೆಗೆ ಇದ್ದವು. ಹನ್ನೊಂದು ಇರಲಿಲ್ಲ.

ಗಾಜಿನಾಚೆ ಯಾರೋ ಶಿಳ್ಳೆ ಹಾಕಿದರು. ಬೈರಯ್ಯ ಕುಣಿಯಲಿಲ್ಲ, ಕೂಗಲಿಲ್ಲ. ಪರದೆಯ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿ, ನಿಧಾನವಾಗಿ ಕ್ಯಾಬಿನ್ನಿಗೆ ನಡೆದು ಬಂದರು. ರಂಜಿನಿಗೆ ಅಳು ಬಂದಿತ್ತು. ಜೀವಮಾನದಲ್ಲಿ ತನ್ನ ಸೋಲಿಗೆ ಇಷ್ಟು ಖುಷಿ ಪಟ್ಟಿದ್ದು ಅವಳಿಗೆ ನೆನಪಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಏನೂ ಅನ್ನುವ ಮೊದಲೇ ಸಮರ್ಥ, “ಹಾಗಾದ್ರೆ ನನ್ನ ಅವಸರದಿಂದ ಹೋಯ್ತು ಅಂತೀರಾ?” ಅಂದ.

“ಇಲ್ಲ ಸಾರ್,” ಅಂದಳು ರಂಜಿನಿ. “ನೀವು ಯಾವಾಗ ಬೇಕಾದ್ರೂ ಒತ್ತಬಹುದು. ರಾಹುಕಾಲ ಇರ್ಲಿ, ಯಮಗಂಡ ಕಾಲ ಇರ್ಲಿ. ಯಾವಾಗ ಒತ್ತಿದ್ರೂ ಕೈಲಿರೋದನ್ನ ಬರೆದಿಟ್ಟು ಆಮೇಲೆ ಆರೋದು ನನ್ನ ಪ್ರೋಗ್ರಾಂ ಕೆಲಸ. ಅದು ಮಾಡ್ಲಿಲ್ಲ. ಬರೀದೇನೇ ಹಸಿರು ತೋರಿಸ್ತು.”

“ಅಂದ್ರೆ, ನಿಮ್ಮ ಈ ಹಳೇ ಕಂಪ್ಯೂಟರ್ ಸ್ಲೋ ಇರೋದ್ರಿಂದ—” ಅಂತ ಶುರು ಮಾಡಿದರು ವೆಂಕಟಗಿರಿ.

“ಕಂಪ್ಯೂಟರ್ ತಪ್ಪಲ್ಲ ಸಾರ್,” ಅಂದಳು ಅವಳು, ಅವರ ಕಡೆ ತಿರುಗದೆ.

ಸಮರ್ಥ ಕಾಗದಕ್ಕೆ ಕೈ ಹಾಕಿದ. “ಸರಿ. ಬೈರಯ್ಯನವರೇ, ಸೋಮವಾರದಿಂದ ಫರ್ನೇಸಿಗೇ ಬನ್ನಿ. ಇದನ್ನ ಹರಿದು ಹಾಕ್ತೀನಿ. ಮುಗೀತು.”

“ಹರೀಬೇಡಿ,” ಅಂದರು ಬೈರಯ್ಯ. ದನಿ ಎತ್ತರಿಸಲಿಲ್ಲ. “ನೀವು ಹರಿದು ಹಾಕಿದ್ರೆ ಅದು ನೀವು ಕ್ಷಮಿಸಿದಂಗೆ ಆಯ್ತದೆ. ನಾನು ಏನು ಮಾಡಿದೀನಿ ಅಂತ ಕ್ಷಮಿಸ್ತೀರಿ? ಮೂರು ವಾರ ಇಡೀ ಕಾಮಾಕ್ಷಿಪಾಳ್ಯ ಬೋರ್ಡಲ್ಲಿ ನನ್ನ ಹೆಸರು ಓದೈತೆ. ತಪ್ಪು ಯಾರದು ಅಂತ ಅಲ್ಲೇ ಓದ್ಬೇಕು.”

ಸಮರ್ಥ ವೆಂಕಟಗಿರಿಯ ಮುಖ ನೋಡಿದ, ವೆಂಕಟಗಿರಿ ಗೋಡೆಯ ಕ್ಯಾಲೆಂಡರ್ ನೋಡಿದರು.

ರಂಜಿನಿ ಕೈ ಚಾಚಿ ಸಮರ್ಥನ ಕೈಯಿಂದ ಕಾಗದ ತೆಗೆದುಕೊಂಡಳು. ಮೇಜಿನ ಮೇಲಿಟ್ಟು ಓದಿದಳು. ‘ಕೊನೆಯ ಬ್ಯಾಚಿನ ದಾಖಲೆ ಕಳೆದುಹೋದದ್ದು ನನ್ನ ಅಜಾಗರೂಕತೆಯಿಂದ. ತಪ್ಪು ಪೂರ್ತಿ ನನ್ನದು.’ ಯಾರು ಬರೆದಿದ್ದರೋ, ಚೆನ್ನಾಗಿ ಬರೆದಿದ್ದರು. ಒಂದು ಪದವನ್ನೂ ತಿದ್ದಬೇಕಾಗಿರಲಿಲ್ಲ. ಅವಳು ಪೆನ್ ತೆಗೆದು ‘ಬೈರಯ್ಯ, ಫರ್ನೇಸ್ ಆಪರೇಟರ್’ ಅನ್ನುವುದರ ಮೇಲೆ ಒಂದು ಗೆರೆ ಎಳೆದಳು.

“ರಂಜಿನಿ, ಪೆನ್ ಕೆಳಗಿಡು,” ಅಂದರು ವೆಂಕಟಗಿರಿ. “ಕೆಲಸ ಕೊಟ್ಟೋನು ಹೇಳ್ತಾ ಇದೀನಿ. ಅದಕ್ಕೆ ಸೈನ್ ಹಾಕಿದ್ರೆ ಸೋಮವಾರ ಆಫೀಸಿಗೆ ಬರ್ಬೇಡ.”

ಅವಳ ಕೈ ಒಂದು ಕ್ಷಣ ನಿಂತಿತು. ಕೆಲಸ ಕೊಟ್ಟವರು ನಿಜ. ಅವಳಿಗೆ ಅಮ್ಮನ ಚೀಲ ನೆನಪಾಯಿತು, ಆರು ವರ್ಷ ದಿನಾ ಗೇಟಿನಲ್ಲಿ ಎಲ್ಲರೆದುರು ಬಾಯಿ ತೆರೆದುಕೊಂಡ ಚೀಲ. ಎರಡು ಬೆರಳಿನ ಆ ಖಾಲಿ ಜಾಗದಲ್ಲಿ ಅಕ್ಷರ ಅಕ್ಷರ ಬಿಡಿಸಿ, ಯಾರಿಗೂ ಓದಲು ಕಷ್ಟವಾಗದ ಹಾಗೆ ಬರೆದಳು: ರಂಜಿನಿ, ಈ ಪ್ರೋಗ್ರಾಂ ಬರೆದವಳು.

ಕಾಗದವನ್ನು ಬೈರಯ್ಯನ ಕೈಗೆ ಕೊಟ್ಟಳು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ಹೊರಗೆ ಹೋಗಿ ನೋಟಿಸ್ ಬೋರ್ಡಿನಿಂದ ತಮ್ಮ ಸಸ್ಪೆನ್ಷನ್ ಆರ್ಡರು ಕಿತ್ತು, ಅದೇ ಗುಂಡುಪಿನ್ನುಗಳಿಂದ ಅದೇ ಜಾಗದಲ್ಲಿ ಇದನ್ನು ಚುಚ್ಚಿದರು. ಶಿಫ್ಟಿನವರು ಓದಲು ಮುಗಿಬಿದ್ದರು.

ವೆಂಕಟಗಿರಿ ಬ್ಯಾಗು ಎತ್ತಿಕೊಂಡರು. “ನಾನು ಹೇಳಿದ್ದು ನೆನಪಿದೆಯಲ್ಲ? ಸೋಮವಾರ ಬರ್ಬೇಡ.”

“ಬರಲ್ಲ ಸಾರ್,” ಅಂದಳು ರಂಜಿನಿ. “ಸೋಮವಾರ ನಾನು ಇಲ್ಲಿಗೆ ಬರ್ಬೇಕು, ಬೆಳಗ್ಗೆ ಆರಕ್ಕೆ. ಹೋಗ್ತಾ ಬೋರ್ಡ್ ನೋಡಿ. ‘ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ’ ಅನ್ನೋ ಮೂರನೇ ಸಾಲಿಗೂ ಸೈನ್ ಹಾಕಿದೀನಿ.”